ಬ್ಲಡ್ ಟೆಸ್ಟ್ ಮಾಡದೆ ಡಾಕ್ಟ್ರಿಗೆ ಚಿಕನ್ ಪಾಕ್ಸ್ ಅಂತ ಹೇಗೆ ಗೊತ್ತಾಗ್ತದೆ?

ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಕುಂಬಳೆ, ಉಪ್ಪಳ, ಮಂಜೇಶ್ವರ ಕಡೆ ಫೆಬ್ರವರಿ ಮಾರ್ಚ್ ಬಂತು ಅಂದ್ರೆ ಸೆಕೆಯ ಒಟ್ಟಿಗೆ ಇದೂ ಒಂದು ಶುರು ಆಗ್ತದೆ. ಶಾಲೆಯ ವಾಟ್ಸಾಪ್ ಗ್ರೂಪಲ್ಲಿ ಮೆಸೇಜ್ ಬರ್ತದೆ, ಮೂರನೇ ಕ್ಲಾಸಿನ ಒಂದು ಮಗುವಿಗೆ ಚಿಕನ್ ಪಾಕ್ಸ್, ಮೈಯಲ್ಲಿ ಬೊಕ್ಕೆ ಕಂಡ್ರೆ ಶಾಲೆಗೆ ಕಳಿಸ್ಬೇಡಿ ಅಂತ. ಆವತ್ತು ಸಂಜೆ ಮನೆಮನೆಯಲ್ಲಿ ಮಕ್ಕಳ ಅಂಗಿ ಬಿಚ್ಚಿಸಿ ಬೆನ್ನು ನೋಡುವ ಕಾರ್ಯಕ್ರಮ. ಪರೀಕ್ಷೆ ಟೈಮ್ ಬೇರೆ.

ಮತ್ತೆ ಆಸ್ಪತ್ರೆಗೆ ಹೋಗಿ ಬಂದವರದ್ದು ಒಂದು ಕಂಪ್ಲೇಂಟ್ ಯಾವಾಗಲೂ ಇರ್ತದೆ, "ಡಾಕ್ಟ್ರು ಅಂಗಿ ಎತ್ತಿ ನೋಡಿದ್ರು, ನಾಲ್ಕು ಪ್ರಶ್ನೆ ಕೇಳಿದ್ರು, ಚಿಕನ್ ಪಾಕ್ಸ್ ಅಂತ ಚೀಟಿಯಲ್ಲಿ ಬರೆದೇ ಬಿಟ್ರು, ಒಂದು ಬ್ಲಡ್ ಟೆಸ್ಟ್ ಕೂಡ ಇಲ್ಲ" ಅಂತ. ಡೆಂಗಿಗೆ ಟೆಸ್ಟ್ ಉಂಟು, ಇಲಿಜ್ವರಕ್ಕೆ ಟೆಸ್ಟ್ ಉಂಟು, ಕೊರೋನಕ್ಕೆ ಮೂಗಿಗೆ ಕಡ್ಡಿ ಹಾಕಿ ಟೆಸ್ಟ್ ಮಾಡಿದ್ದನ್ನು ಎಲ್ಲರೂ ನೋಡಿದ್ದೇವೆ, ಇದಕ್ಕೆ ಮಾತ್ರ ಎಂತ ಇಲ್ವಾ? ಇದಕ್ಕೂ ಟೆಸ್ಟ್ ಉಂಟು. ಆದ್ರೆ ಹೆಚ್ಚಿನವರಿಗೆ ಅದು ಬೇಕಾಗುದಿಲ್ಲ. ಯಾಕೆ ಬೇಡ, ಯಾರಿಗೆ ಬೇಕು, ಆ ನಾಲ್ಕು ಪ್ರಶ್ನೆಯ ಹಿಂದೆ ಎಂತ ಲೆಕ್ಕ ಉಂಟು ಅಂತ ಒಂದೊಂದಾಗಿ ನೋಡುವ.

ಮೊದಲು ಕಾಯಿಲೆ ಎಂತದ್ದು ಅಂತ

ಚಿಕನ್ ಪಾಕ್ಸ್ ಒಂದು ವೈರಸ್‌ನಿಂದ ಬರುವ ಕಾಯಿಲೆ. ವೈರಸ್ಸಿನ ಹೆಸರು ವ್ಯಾರಿಸೆಲ್ಲಾ ಜೋಸ್ಟರ್. ಸೀತಾಳೆ ಸಿಡುಬು, ಅಮ್ಮ ಬಂದದ್ದು ಅಂತೆಲ್ಲ ನಮ್ಮ ಹಿರಿಯರು ಹೇಳುದು ಇದನ್ನೇ. ಕೋಳಿಗೂ ಇದಕ್ಕೂ ಸಂಬಂಧ ಇಲ್ಲ, ಕೋಳಿ ತಿಂದ್ರೆ ಬರುದೂ ಇಲ್ಲ.

ಇದು ಗಾಳಿಯಲ್ಲೇ ಹರಡ್ತದೆ. ರೋಗಿ ಕೆಮ್ಮಿದಾಗ, ಸೀನಿದಾಗ, ಹತ್ತಿರ ಕೂತು ಮಾತಾಡಿದಾಗ, ಮತ್ತೆ ಬೊಕ್ಕೆಯ ನೀರು ತಾಗಿದ್ರೂ ಬರ್ತದೆ. ಮನೆಯಲ್ಲಿ ಒಬ್ಬರಿಗೆ ಬಂದ್ರೆ, ಮೊದಲು ಬಾರದವರು ಲಸಿಕೆ ಹಾಕದವರು ಅದೇ ಮನೆಯಲ್ಲಿ ಹತ್ತು ಜನ ಇದ್ರೆ ಅದರಲ್ಲಿ ಒಂಬತ್ತು ಜನಕ್ಕೂ ಬರಬಹುದು, ಅಷ್ಟು ಜೋರು. ತಾಪತ್ರಯ ಎಂತ ಅಂದ್ರೆ ಬೊಕ್ಕೆ ಏಳುವ 1-2 ದಿನ ಮೊದಲೇ ಹರಡ್ಲಿಕ್ಕೆ ಶುರು ಆಗಿರ್ತದೆ. ಹಾಗಾಗಿ ಬೊಕ್ಕೆ ಕಂಡ ಮೇಲೆ ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸಿದ್ರೂ ಅಣ್ಣನಿಗೋ ತಂಗಿಗೋ ಅಷ್ಟರಲ್ಲಿ ತಾಗಿ ಆಗಿರ್ತದೆ. ಕೊನೆಯ ಬೊಕ್ಕೆಯೂ ಒಣಗಿ ಹಕ್ಕಳೆ ಕಟ್ಟುವವರೆಗೆ ಹರಡ್ತದೆ, ಸಾಧಾರಣ ಬೊಕ್ಕೆ ಶುರುವಾಗಿ 5ರಿಂದ 7 ದಿನ. ಒಣಗಿ ಉದುರುವ ಹಕ್ಕಳೆಯಿಂದ ಹರಡ್ತದೆ ಅಂತ ಕೆಲವರಿಗೆ ಭಯ, ಪೂರ್ತಿ ಒಣಗಿದ ಹಕ್ಕಳೆಯಿಂದ ಬರುದಿಲ್ಲ.

ತಾಗಿದ ದಿನದಿಂದ ಬೊಕ್ಕೆ ಏಳುವ ದಿನಕ್ಕೆ 10ರಿಂದ 21 ದಿನ ಬೇಕು, ಹೆಚ್ಚಾಗಿ ಎರಡು ವಾರ. ಈ ಲೆಕ್ಕ ನೆನಪಿಡಿ, ಡಾಕ್ಟ್ರ ಪ್ರಶ್ನೆಯಲ್ಲಿ ಇದು ಬರ್ತದೆ.

ಬೊಕ್ಕೆ ಎಲ್ಲ ಒಟ್ಟಿಗೆ ಏಳುದಿಲ್ಲ, ಅಲ್ಲೇ ಇರುದು ವಿಷಯ

ವೈರಸ್ ಮೂಗು ಗಂಟಲಿನ ಮೂಲಕ ಒಳಗೆ ಹೋಗ್ತದೆ. ಹೋದ ಕೂಡ್ಲೆ ಚರ್ಮಕ್ಕೆ ಬರುದಿಲ್ಲ. ಮೊದಲು ಗಂಟಲಿನ ಹತ್ತಿರದ ಗ್ರಂಥಿಗಳಲ್ಲಿ ಬೆಳೀತದೆ, ಅಲ್ಲಿಂದ ರಕ್ತಕ್ಕೆ ಸೇರಿ ಒಳಗಿನ ಅಂಗಗಳಿಗೆ ಹೋಗ್ತದೆ, ಅಲ್ಲಿ ಇನ್ನೂ ಹೆಚ್ಚಾಗಿ ಪುನಃ ರಕ್ತಕ್ಕೆ ಬರ್ತದೆ, ಆ ಎರಡನೇ ಸುತ್ತಿನಲ್ಲಿ ಚರ್ಮಕ್ಕೆ ತಲುಪುದು. ಎರಡು ವಾರ ಎಂತ ಗೊತ್ತಾಗದೆ ಇರುದು ಇದಕ್ಕೇ.

ಚರ್ಮಕ್ಕೆ ಬರುವಾಗ ಕೂಡ ಒಂದೇ ಸಲಕ್ಕೆ ಬರುದಿಲ್ಲ, ಕಂತು ಕಂತಾಗಿ ಬರ್ತದೆ. ಇವತ್ತು ಒಂದಷ್ಟು, ನಾಳೆ ಒಂದಷ್ಟು, ನಾಡಿದ್ದು ಇನ್ನೊಂದಷ್ಟು, ಹೀಗೆ 3-4 ದಿನ ಹೊಸತು ಏಳ್ತಾ ಇರ್ತದೆ. ಒಂದೊಂದು ಬೊಕ್ಕೆಯೂ ತನ್ನದೇ ದಾರಿ ಹಿಡೀತದೆ. ಮೊದಲು ಸಣ್ಣ ಕೆಂಪು ಚುಕ್ಕೆ, ಮತ್ತೆ ಕೈಗೆ ಸಿಗುವ ಹಾಗೆ ಉಬ್ಬು, ಮತ್ತೆ ಅದರ ಮೇಲೆ ತೆಳು ಪೊರೆಯ ನೀರ್ಗುಳ್ಳೆ, ನೀರು ಮಬ್ಬಾಗಿ ನಡು ತಗ್ಗಾಗ್ತದೆ, ಕೊನೆಗೆ ಹಕ್ಕಳೆ. ಚುಕ್ಕೆಯಿಂದ ಗುಳ್ಳೆ ಆಗ್ಲಿಕ್ಕೆ ಕೆಲವು ಗಂಟೆ ಸಾಕು, ಬೆಳಿಗ್ಗೆ ಸೊಳ್ಳೆ ಕಚ್ಚಿದ ಹಾಗೆ ಕಂಡದ್ದು ಸಂಜೆಗೆ ನೀರು ತುಂಬಿಕೊಂಡಿರ್ತದೆ.

ಹೊಸ ಕಂತು ಬರ್ತಾ ಇರುವಾಗ ಹಳೇ ಕಂತು ಒಣಗ್ತಾ ಇರ್ತದಲ್ಲ, ಹಾಗಾಗಿ ಎರಡು ಮೂರನೇ ದಿನಕ್ಕೆ ಮಗುವಿನ ಬೆನ್ನಲ್ಲಿ ಒಂದು ಅಂಗೈ ಅಗಲದ ಜಾಗ ನೋಡಿದ್ರೆ ಅಲ್ಲಿ ಚುಕ್ಕೆಯೂ ಉಂಟು, ಉಬ್ಬೂ ಉಂಟು, ನೀರು ತುಂಬಿದ ಗುಳ್ಳೆಯೂ ಉಂಟು, ಹಕ್ಕಳೆಯೂ ಉಂಟು. ತೆಂಗಿನ ಮರ ನೋಡಿ, ಒಂದೇ ಮರದಲ್ಲಿ ಹೊಂಬಾಳೆ, ಮಿಡಿ, ಬೊಂಡ, ಬಲಿತ ಕಾಯಿ ಎಲ್ಲ ಒಟ್ಟಿಗೆ ಇರ್ತದಲ್ಲ, ಹಾಗೆ. ಬೇರೆ ಬೇರೆ ವಯಸ್ಸಿನ ಬೊಕ್ಕೆಗಳು ಒಂದೇ ಜಾಗದಲ್ಲಿ, ಡಾಕ್ಟ್ರು ಅಂಗಿ ಎತ್ತಿ ಹುಡುಕುದು ಮುಖ್ಯವಾಗಿ ಇದನ್ನು. ಇದು ಸಿಕ್ಕಿದ್ರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗೀತು.

ಕಣ್ಣಲ್ಲಿ ನೋಡುವಾಗ ಎಂತೆಲ್ಲ ನೋಡ್ತಾರೆ

ಮೊದಲನೇದು ಜಾಗ. ಚಿಕನ್ ಪಾಕ್ಸ್ ಮುಖ, ತಲೆ, ಎದೆ, ಹೊಟ್ಟೆ, ಬೆನ್ನಲ್ಲಿ ಶುರು ಆಗ್ತದೆ, ಕೈಕಾಲಿಗೆ ಆಮೇಲೆ ಬರುದು, ಅದೂ ಕಡಿಮೆ. ನಡು ಮೈಯಲ್ಲಿ ಹೆಚ್ಚು, ತುದಿಗೆ ಹೋದ ಹಾಗೆ ಕಡಿಮೆ. ಅಂಗೈ ಅಂಗಾಲಲ್ಲಿ ಹೆಚ್ಚಾಗಿ ಇರುದೇ ಇಲ್ಲ.

ಎರಡನೇದು ತಲೆ. ಕೂದಲು ಬಿಡಿಸಿ ನೋಡುದನ್ನು ನೀವು ಗಮನಿಸಿರಬಹುದು, ಕೆಲವರಿಗೆ ಅದು ಹೇನು ನೋಡಿದ ಹಾಗೆ ಕಂಡು ಬೇಜಾರೂ ಆಗ್ತದೆ. ಕೂದಲ ಎಡೆಯಲ್ಲಿ ಗುಳ್ಳೆ ಇರುದು ಚಿಕನ್ ಪಾಕ್ಸಿನ ಒಂದು ಒಳ್ಳೆ ಗುರುತು. ಸೊಳ್ಳೆ ಕಡಿತ, ಸಾಮಾನ್ಯ ಅಲರ್ಜಿ ಎಲ್ಲ ಅಲ್ಲಿಗೆ ಅಷ್ಟು ಬರುದಿಲ್ಲ.

ಮೂರನೇದು ಬಾಯಿಯ ಒಳಗೆ. ಟಾರ್ಚ್ ಹಾಕಿ ಅಂಗುಳ ನೋಡ್ತಾರೆ. ಅಲ್ಲಿಯ ಗುಳ್ಳೆ ಬೇಗ ಒಡೆದು ಸಣ್ಣ ಹುಣ್ಣಾಗಿರ್ತದೆ. ಮಗು ಎರಡು ದಿನದಿಂದ ಗಂಜಿ ಕೂಡ ಕುಡೀತಿಲ್ಲ ಅಂದ್ರೆ ಹೆಚ್ಚಾಗಿ ಇದೇ ಕಾರಣ.

ಮತ್ತೆ ಗುಳ್ಳೆಯ ರೂಪ. ವೈದ್ಯಕೀಯ ಪುಸ್ತಕಗಳಲ್ಲಿ ಇದನ್ನು ಗುಲಾಬಿ ಎಸಳಿನ ಮೇಲಿನ ಮಂಜಿನ ಹನಿ ಅಂತ ಬರೀತಾರೆ, ಕೆಂಪು ಬುಡ, ಮೇಲೆ ತಿಳಿ ನೀರು. ಓದ್ಲಿಕ್ಕೆ ಚಂದ ಉಂಟು, ಆದ್ರೆ ಅದು ಬಿಳಿ ಚರ್ಮದವರನ್ನು ನೋಡಿ ಬರೆದದ್ದು. ನಮ್ಮ ಬಣ್ಣದ ಚರ್ಮದಲ್ಲಿ ಕೆಂಪು ಅಷ್ಟು ಎದ್ದು ಕಾಣುದಿಲ್ಲ, ಕಪ್ಪು ಕಂದು ಚುಕ್ಕೆಯ ಹಾಗೆ ಕಾಣ್ತದೆ. ಹಾಗಾಗಿ ಇಲ್ಲಿಯ ಡಾಕ್ಟ್ರುಗಳು ಬೆಳಕು ಓರೆಯಾಗಿ ಬೀಳುವ ಹಾಗೆ ಕಿಟಕಿಯ ಹತ್ತಿರ ತಿರುಗಿಸಿ ನಿಲ್ಲಿಸ್ತಾರೆ, ಗ್ಲೌಸ್ ಹಾಕಿ ಮೆಲ್ಲ ಮುಟ್ಟಿ ನೋಡ್ತಾರೆ. ಗುಳ್ಳೆ ಚರ್ಮದ ಮೇಲ್ಮೇಲೆ ಇರ್ತದೆ, ಪೊರೆ ತೆಳು, ಸ್ವಲ್ಪ ಉಜ್ಜಿದ್ರೆ ಒಡೀತದೆ.

ಇಲ್ಲಿ ಒಂದು ಮಾತು ಹೇಳ್ಲೇಬೇಕು. ಡಾಕ್ಟ್ರ ಹತ್ರ ಹೋಗುವ ಮೊದಲೇ ಬೇವು ಅರಶಿನ ಅರೆದು ಮೈ ತುಂಬ ಮೆತ್ತಿದ್ರೆ ಅಥವಾ ಕ್ಯಾಲಮೈನ್ ಲೋಶನ್ ಹಚ್ಚಿದ್ರೆ ಡಾಕ್ಟ್ರಿಗೆ ಕಾಣುದು ಅರಶಿನವೋ ಒಣಗಿದ ಗುಲಾಬಿ ಬಣ್ಣದ ಹುಡಿಯೋ ಅಷ್ಟೇ. ಗುಳ್ಳೆಯ ನೀರು ತಿಳಿಯಾ ಮಬ್ಬಾ, ಬುಡ ಕೆಂಪಾ, ಎಂತದೂ ಗೊತ್ತಾಗುದಿಲ್ಲ. ಹಚ್ಚುದಿದ್ರೆ ತೋರಿಸಿ ಬಂದ ಮೇಲೆ ಹಚ್ಚಿ.

ಆ ನಾಲ್ಕು ಪ್ರಶ್ನೆ

"ಎರಡು ಮೂರು ವಾರ ಹಿಂದೆ ಎಲ್ಲಿಗೆ ಹೋಗಿದ್ರಿ?" ಈ ಪ್ರಶ್ನೆ ಕೇಳಿದ್ರೆ ಜನ ಮೊನ್ನೆ ಹೋದಲ್ಲಿಯದ್ದು ಹೇಳ್ತಾರೆ. ಮೊನ್ನೆಯದ್ದು ಬೇಡ, 10ರಿಂದ 21 ದಿನ ಹಿಂದಿನದ್ದು ಬೇಕು. ನಮ್ಮಲ್ಲಿ ಆ ಸಮಯದಲ್ಲಿ ನೇಮ, ಕಳಿಯಾಟ, ಬ್ರಹ್ಮಕಲಶ, ಉರೂಸ್, ಮದುವೆ ಎಲ್ಲ ಸಾಲಾಗಿ ಇರ್ತದೆ, ಗಲ್ಫಿನಿಂದ ಬಂದವರೂ ಇರ್ತಾರೆ, ಯಾರಿಂದ ಬಂತು ಅಂತ ಕಂಡುಹಿಡಿಯುದು ಕಷ್ಟವೇ. ಆದ್ರೆ ಕ್ಲಾಸಲ್ಲಿ ಪಕ್ಕದ ಬೆಂಚಿನವನಿಗೆ ಎರಡು ವಾರ ಹಿಂದೆ ಬಂದಿತ್ತು ಅಂತಾದ್ರೆ ಡಾಕ್ಟ್ರಿಗೆ ಅದು ದೊಡ್ಡ ಸಾಕ್ಷಿ. ಮನೆಯಲ್ಲಿ ಅಜ್ಜನಿಗೋ ಅಜ್ಜಿಗೋ ಸರ್ಪಸುತ್ತು ಆಗಿತ್ತಾ ಅಂತಲೂ ಕೇಳ್ತಾರೆ, ಯಾಕಂದ್ರೆ ಸರ್ಪಸುತ್ತು ಕೂಡ ಇದೇ ವೈರಸ್. ಒಮ್ಮೆ ಚಿಕನ್ ಪಾಕ್ಸ್ ಬಂದು ಹೋದ ಮೇಲೆ ವೈರಸ್ ನರದ ಬುಡದಲ್ಲಿ ಅಡಗಿ ಕೂತಿರ್ತದೆ, ವಯಸ್ಸಾದಾಗ ಅಥವಾ ಮೈಯ ಶಕ್ತಿ ಕುಗ್ಗಿದಾಗ ಒಂದು ನರದ ದಾರಿ ಹಿಡಿದು ಪಟ್ಟಿಯ ಹಾಗೆ ಏಳ್ತದೆ. ಆ ಗುಳ್ಳೆಯ ನೀರು ತಾಗಿದ್ರೆ ಮೊದಲು ಚಿಕನ್ ಪಾಕ್ಸ್ ಬಾರದ ಮೊಮ್ಮಗುವಿಗೆ ಚಿಕನ್ ಪಾಕ್ಸ್ ಬರಬಹುದು.

"ಯಾವುದು ಮೊದಲು ಬಂದದ್ದು, ಜ್ವರವಾ ಬೊಕ್ಕೆಯಾ?" ಸಣ್ಣ ಮಕ್ಕಳಲ್ಲಿ ಹೆಚ್ಚಾಗಿ ಎರಡೂ ಒಟ್ಟಿಗೆ, ಬೊಕ್ಕೆ ಕಂಡ ಮೇಲೆಯೇ ಗೊತ್ತಾಗುದು. ದೊಡ್ಡವರಿಗೆ 1-2 ದಿನ ಮೊದಲೇ ಜ್ವರ, ತಲೆನೋವು, ಮೈಕೈ ನೋವು, ಊಟ ಸೇರದೆ ಇರುದು ಎಲ್ಲ ಆಗಿರ್ತದೆ. ಜ್ವರ ಜೋರಾಗಿ ನಾಲ್ಕು ದಿನ ಇದ್ದು ಮತ್ತೆ ಗುಳ್ಳೆ ಎದ್ದದ್ದಾದ್ರೆ ಡಾಕ್ಟ್ರು ಬೇರೆ ಕಾಯಿಲೆ ಯೋಚನೆ ಮಾಡ್ತಾರೆ.

"ಮೊದಲು ಬಂದಿತ್ತಾ, ಲಸಿಕೆ ಹಾಕಿದೆಯಾ?" ಒಮ್ಮೆ ಬಂದವರಿಗೆ ಇನ್ನೊಮ್ಮೆ ಬರುದು ಅಪರೂಪ.

"ಹೊಸ ಮಾತ್ರೆ ಎಂತಾದ್ರೂ ತಗೊಂಡಿದ್ದೀರಾ?" ಔಷಧದ ಅಲರ್ಜಿಯಲ್ಲೂ ಮೈತುಂಬ ಏಳ್ತದೆ, ಅದಕ್ಕೆ.

ಇದಲ್ಲದೆ ಮನೆಯಲ್ಲಿ ಬಸುರಿ ಇದ್ದಾರಾ, ಹಸುಗೂಸು ಉಂಟಾ, ಕ್ಯಾನ್ಸರ್ ಚಿಕಿತ್ಸೆ ನಡೀತಾ ಉಂಟಾ ಅಂತ ಕೇಳಿದ್ರೆ ಅದು ರೋಗ ಗುರುತಿಸ್ಲಿಕ್ಕೆ ಅಲ್ಲ, ಮುಂದಿನ ಅಪಾಯ ಅಳೀಲಿಕ್ಕೆ.

ಹಾಗೇ ಕಾಣುವ ಬೇರೆ ಕಾಯಿಲೆಗಳು

ಡಾಕ್ಟ್ರ ತಲೆಯಲ್ಲಿ ಆ ಹೊತ್ತಿಗೆ ಇನ್ನೊಂದು ಪಟ್ಟಿ ಓಡ್ತಾ ಇರ್ತದೆ, ಇದಲ್ಲದಿದ್ರೆ ಬೇರೆ ಎಂತ ಇರಬಹುದು ಅಂತ.

ನಮ್ಮಲ್ಲಿ ಅತಿ ಹೆಚ್ಚು ಗೊಂದಲ ಮಾಡುದು ಟೊಮೆಟೊ ಜ್ವರ, ಮಲಯಾಳದಲ್ಲಿ ತಕ್ಕಾಳಿ ಪನಿ ಅಂತಾರಲ್ಲ, ಅಂಗನವಾಡಿ ವಯಸ್ಸಿನ ಮಕ್ಕಳಿಗೆ ಬರುದು. 2022ರಲ್ಲಿ ಕೊಲ್ಲಂ ಕಡೆ ಇದು ಹರಡಿ ದೊಡ್ಡ ಸುದ್ದಿ ಆಗಿತ್ತು. ಕೈ ಕಾಲು ಬಾಯಿ ರೋಗ ಅಂತ ಹೇಳುದೇ ಸರಿ, ಯಾಕಂದ್ರೆ ಗುಳ್ಳೆ ಏಳುದು ಅಂಗೈ, ಅಂಗಾಲು, ಬಾಯಿ, ಮತ್ತೆ ಕುಂಡೆಯಲ್ಲಿ. ಹೊಟ್ಟೆ ಬೆನ್ನಲ್ಲಿ ಅಷ್ಟು ಇರುದಿಲ್ಲ, ತಲೆಯಲ್ಲೂ ಇರುದಿಲ್ಲ. ಚಿಕನ್ ಪಾಕ್ಸಿಗೆ ಸರಿಯಾಗಿ ಉಲ್ಟಾ. ಹಾಗಾಗಿ ಡಾಕ್ಟ್ರು ಮಗುವಿನ ಕೈ ಮಗುಚಿ ಅಂಗೈ ನೋಡಿದ್ರೆ ಇದಕ್ಕೇ ನೋಡುದು.

ದಡಾರ, ಇಲ್ಲಿ ಅಂಜಾಂಪನಿ ಅಂತಲೂ ಹೇಳ್ತಾರೆ, ಅದರಲ್ಲಿ ಜೋರು ಜ್ವರ, ಕೆಮ್ಮು, ನೆಗಡಿ, ಕಣ್ಣು ಕೆಂಪು ಮೊದಲು ಬರ್ತದೆ, ಮತ್ತೆ ಕಿವಿಯ ಹಿಂದಿನಿಂದ ಕೆಂಪು ಕಲೆಗಳು ಕೆಳಗೆ ಇಳೀತವೆ. ನೀರು ತುಂಬುದಿಲ್ಲ. ಒಂದು ಗುಳ್ಳೆಯೂ ಇಲ್ಲ ಅಂದ್ರೆ ಡಾಕ್ಟ್ರ ಯೋಚನೆ ಆ ಕಡೆ ಹೋಗ್ತದೆ.

ಕಜ್ಜಿ ಆದ್ರೆ ಜ್ವರ ಇಲ್ಲ, ಬೆರಳ ಸಂದಿ, ಮಣಿಗಂಟು, ಸೊಂಟದಲ್ಲಿ, ರಾತ್ರಿ ತುರಿಕೆ ಜಾಸ್ತಿ, ಮನೆಯವರೆಲ್ಲ ಕೆರೀತಾ ಇರ್ತಾರೆ. ಬೆವರುಸಾಲೆ ಈ ಸೆಕೆಯಲ್ಲಿ ಯಾರಿಗೂ ಹೊಸತಲ್ಲ, ಕುತ್ತಿಗೆ ಬೆನ್ನಲ್ಲಿ ಸಾಸಿವೆ ಹಾಕಿದ ಹಾಗೆ ಎಲ್ಲ ಒಂದೇ ಸೈಜು, ಹಕ್ಕಳೆ ಕಟ್ಟುದಿಲ್ಲ. ಸರ್ಪಸುತ್ತಿನಲ್ಲಿ ಮೈಯ ಒಂದೇ ಬದಿ, ನಡುಗೆರೆ ದಾಟುದಿಲ್ಲ, ಗುಳ್ಳೆ ಏಳುವ ಮೊದಲೇ ಆ ಜಾಗದಲ್ಲಿ ಉರಿ ನೋವು ಇರ್ತದೆ.

ಸಿಡುಬು ಮತ್ತು ಮಂಕಿಪಾಕ್ಸ್

ಹಿಂದೆ ಡಾಕ್ಟ್ರುಗಳಿಗೆ ಇದ್ದ ದೊಡ್ಡ ತಲೆಬಿಸಿ ಸಿಡುಬು. ಅದು ಜೀವ ತೆಗೀತಿದ್ದ ಕಾಯಿಲೆ, ಇದು ಹೆಚ್ಚಾಗಿ ವಾರದಲ್ಲಿ ಇಳಿಯುವ ಕಾಯಿಲೆ. ಎರಡೂ ಬೇರೆ ಬೇರೆ ಅಂತ 1767ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಹೆಬರ್ಡೆನ್ ಸ್ಪಷ್ಟವಾಗಿ ವಿವರಿಸಿದ್ರು. ಆಗ ಲ್ಯಾಬಿಲ್ಲ, ವೈರಸ್ ಅನ್ನುದೇ ಗೊತ್ತಿರಲಿಲ್ಲ, ರೋಗಿಯನ್ನು ನೋಡಿಯೇ ಹೇಳಿದ್ದು. ಸಿಡುಬಿನ ಬೊಕ್ಕೆ ಮುಖ ಮತ್ತು ಕೈಕಾಲಲ್ಲಿ ಹೆಚ್ಚು, ಅಂಗೈ ಅಂಗಾಲಲ್ಲೂ ಏಳ್ತಿತ್ತು, ಆಳವಾಗಿ ಗಟ್ಟಿ ಇರ್ತಿತ್ತು, ಮುಖ್ಯವಾಗಿ ಒಂದು ಜಾಗದ ಬೊಕ್ಕೆಗಳೆಲ್ಲ ಒಂದೇ ವಯಸ್ಸಿನವು. ಭಾರತದ ಕೊನೆಯ ಸಿಡುಬು ಕೇಸ್ 1975ರ ಮೇ ತಿಂಗಳಲ್ಲಿ ಅಸ್ಸಾಂನ ಕರೀಂಗಂಜಲ್ಲಿ ಸಿಕ್ಕಿದ್ದು, 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಪಂಚದಿಂದಲೇ ಹೋಯ್ತು ಅಂತ ಘೋಷಣೆ ಮಾಡಿತು. ಹಾಗಾಗಿ ಈಗ ಆ ಹೆದರಿಕೆ ಇಲ್ಲ.

ಮಂಕಿಪಾಕ್ಸಿನ ಹೆದರಿಕೆ ಮಾತ್ರ ಹೊಸತು. 2022ರ ಜುಲೈಯಲ್ಲಿ ದೇಶದ ಮೊದಲ ಕೇಸ್ ಕೊಲ್ಲಂನಲ್ಲಿ, ಎರಡನೇದು ನಮ್ಮ ಪಕ್ಕದ ಕಣ್ಣೂರು ಜಿಲ್ಲೆಯಲ್ಲಿ ಸಿಕ್ಕಿತ್ತು, ಹಾಗಾಗಿ ಇಲ್ಲಿಯ ಆಸ್ಪತ್ರೆಗಳಲ್ಲಿ ಗುಳ್ಳೆ ಎದ್ದು ಬಂದ ಗಲ್ಫಿನವರನ್ನು ಸ್ವಲ್ಪ ಹೆಚ್ಚೇ ಪ್ರಶ್ನೆ ಕೇಳ್ತಾರೆ. ಅದರಲ್ಲಿ ಕುತ್ತಿಗೆ, ಕಂಕುಳು, ತೊಡೆ ಸಂದಿಯಲ್ಲಿ ಗಳಲೆ ಕಟ್ಟಿ ಊದ್ತದೆ, ಚಿಕನ್ ಪಾಕ್ಸಲ್ಲಿ ಅಷ್ಟು ಊದುದಿಲ್ಲ. ಬೊಕ್ಕೆ ಗಟ್ಟಿ, ಆಳ, ನಡುವಲ್ಲಿ ಗುಳಿ, ಅಂಗೈ ಅಂಗಾಲಲ್ಲೂ ಏಳ್ತದೆ, ನಿಧಾನ ಬಲೀತದೆ, ಮುಗೀಲಿಕ್ಕೆ 2ರಿಂದ 4 ವಾರ ಬೇಕು. ಆದ್ರೆ 2022ರ ನಂತರದ ಕೆಲವು ಕೇಸುಗಳಲ್ಲಿ ಬೊಕ್ಕೆಗಳು ಬೇರೆ ಬೇರೆ ವಯಸ್ಸಿನವೂ ಇದ್ದದ್ದರಿಂದ ಇಲ್ಲಿ ಕಣ್ಣನ್ನೇ ನಂಬಿ ಕೂರುದಿಲ್ಲ, ಸಂಶಯ ಬಂದ್ರೆ ಸ್ಯಾಂಪಲ್ ತೆಗೆದು ಕಳಿಸ್ತಾರೆ.

ಟೆಸ್ಟ್ ಇದ್ರೂ ಯಾಕೆ ಮಾಡಿಸುದಿಲ್ಲ

ಒಂದು, ರೂಪ ಸರಿಯಾಗಿ ಹೊಂದಿದ್ರೆ ಟೆಸ್ಟಿನಿಂದ ಹೊಸ ವಿಷಯ ಎಂತದೂ ಗೊತ್ತಾಗುದಿಲ್ಲ, ಆರೋಗ್ಯವಂತ ಮಗುವಿಗೆ ಕೊಡುದು ಜ್ವರಕ್ಕೆ ಪ್ಯಾರಸಿಟಮಾಲ್, ತುರಿಕೆಗೆ ಔಷಧ, ವಿಶ್ರಾಂತಿ, ಅಷ್ಟೇ. ಎರಡು, ಟೈಮ್. ವೈರಸ್ಸಿಗೆ ಇರುವ ಔಷಧ ಅಸೈಕ್ಲೋವಿರ್, ಅದು ಬೊಕ್ಕೆ ಶುರುವಾಗಿ 24 ಗಂಟೆಯ ಒಳಗೆ ಕೊಟ್ರೆ ಹೆಚ್ಚು ಪ್ರಯೋಜನ. ಹದಿಹರೆಯದವರಿಗೆ, ದೊಡ್ಡವರಿಗೆ ಬಂದ್ರೆ ಡಾಕ್ಟ್ರು ಇದನ್ನು ಬರೀತಾರೆ. ಸ್ಯಾಂಪಲ್ ಮಂಗಳೂರಿಗೋ ಬೇರೆಲ್ಲಿಗೋ ಹೋಗಿ ರಿಪೋರ್ಟ್ ಬರುವಷ್ಟರಲ್ಲಿ ಆ 24 ಗಂಟೆ ಕಳೆದಿರ್ತದೆ. ಹಾಗಾಗಿ ಕಣ್ಣಿಗೆ ಖಾತ್ರಿ ಆದ್ರೆ ಔಷಧ ಮೊದಲು.

(ಜ್ವರಕ್ಕೆ ಆಸ್ಪಿರಿನ್ ಕೊಡ್ಲೇಬಾರದು, ಚಿಕನ್ ಪಾಕ್ಸ್ ಇರುವ ಮಕ್ಕಳಲ್ಲಿ ಅದು ಲಿವರ್ ಮತ್ತು ಮೆದುಳಿಗೆ ಪೆಟ್ಟು ಕೊಡುವ ರೈ ಸಿಂಡ್ರೋಮ್‌ಗೆ ಕಾರಣ ಆಗಬಹುದು. ಐಬುಪ್ರೊಫೆನ್ ಕೂಡ ಡಾಕ್ಟ್ರನ್ನು ಕೇಳದೆ ಬೇಡ.)

ಟೆಸ್ಟ್ ಮಾಡಿಸುವಾಗ ಯಾವುದು

ಈಗ ಎಲ್ಲಕ್ಕಿಂತ ನಂಬಿಕೆಯದ್ದು ಪಿಸಿಆರ್. ಕೊರೋನದಿಂದಾಗಿ ಈ ಹೆಸರು ಎಲ್ಲರಿಗೂ ಗೊತ್ತು, ವೈರಸ್ಸಿನ ವಂಶವಾಹಿಯ ತುಂಡನ್ನು ಹುಡುಕಿ ಅದನ್ನು ಲಕ್ಷ ಕೋಟಿ ಪ್ರತಿ ಮಾಡಿ ತೋರಿಸುವ ಟೆಸ್ಟ್. ಆದ್ರೆ ಇಲ್ಲಿ ಮುಖ್ಯ ಸ್ಯಾಂಪಲ್ ಮೂಗಿನದ್ದಲ್ಲ, ರಕ್ತವೂ ಅಲ್ಲ, ಬೊಕ್ಕೆಯದ್ದು. ಹೊಸ ನೀರ್ಗುಳ್ಳೆ ಒಂದನ್ನು ಆರಿಸಿ, ಸೂಜಿಯಿಂದ ಪೊರೆ ಮೆಲ್ಲ ಬಿಡಿಸಿ, ಹತ್ತಿಯ ಕಡ್ಡಿಯನ್ನು ಬುಡಕ್ಕೆ ತಾಗುವ ಹಾಗೆ ಒರಸ್ತಾರೆ. ನೀರು ಮಾತ್ರ ತೆಗೆದ್ರೆ ಸಾಲದು, ವೈರಸ್ ಇರುವ ಜೀವಕೋಶಗಳು ಇರುದು ಬುಡದಲ್ಲಿ. ಗುಳ್ಳೆ ಎಲ್ಲ ಒಣಗಿದ್ರೆ ಹಕ್ಕಳೆಯನ್ನೇ ಕಿತ್ತು ಕಳಿಸ್ಲಿಕ್ಕೆ ಆಗ್ತದೆ, ಅದರಲ್ಲೂ ಸಿಗ್ತದೆ. ಹಕ್ಕಳೆಯಿಂದ ಹರಡುದಿಲ್ಲ ಅಂತ ಆಗ ಹೇಳಿದ್ದು, ಈಗ ಅದರಲ್ಲೇ ವೈರಸ್ ಸಿಗ್ತದೆ ಅಂತೀರಲ್ಲ ಅಂತ ಕೇಳಬಹುದು. ಪಿಸಿಆರಿಗೆ ಸತ್ತ ವೈರಸ್ಸಿನ ಚೂರು ಸಾಕು, ಹರಡ್ಲಿಕ್ಕೆ ಜೀವ ಇರುವ ವೈರಸ್ ಬೇಕು.

ಹಳೇ ಒಂದು ಪರೀಕ್ಷೆ ಉಂಟು, ಜಾಂಕ್ ಸ್ಮಿಯರ್. ಫ್ರಾನ್ಸಿನ ಆರ್ನೋ ಜಾಂಕ್ ಎಂಬ ಡಾಕ್ಟ್ರು 1947ರಲ್ಲಿ ಹೇಳಿಕೊಟ್ಟದ್ದು. ಗುಳ್ಳೆಯ ಬುಡ ಕೆರೆದು ಗಾಜಿನ ಮೇಲೆ ಹಚ್ಚಿ, ಬಣ್ಣ ಹಾಕಿ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಹಲವು ಜೀವಕೋಶ ಕೂಡಿ ಒಂದಾದ ದೊಡ್ಡ ಜೀವಕೋಶಗಳು ಕಾಣ್ತವೆ. ಬೇಗ ಆಗ್ತದೆ, ಖರ್ಚು ಕಡಿಮೆ, ಸ್ಕಿನ್ ಡಾಕ್ಟ್ರು ತಮ್ಮ ಕ್ಲಿನಿಕ್ಕಲ್ಲೇ ಮಾಡಬಹುದು. ಆದ್ರೆ ತುಟಿಯಲ್ಲಿ ಗುಳ್ಳೆ ಮಾಡುವ ಹರ್ಪಿಸ್ ಸಿಂಪ್ಲೆಕ್ಸ್ ಎಂಬ ವೈರಸ್ಸಿನಲ್ಲೂ ಹಾಗೇ ಕಾಣುದರಿಂದ ಇದು ಆ ಜಾತಿಯ ವೈರಸ್ ಅಂತ ಮಾತ್ರ ಹೇಳಬಹುದು, ಇದೇ ಅಂತ ಹೇಳ್ಲಿಕ್ಕೆ ಆಗುದಿಲ್ಲ.

ಇನ್ನು ಎಲ್ಲರೂ ಕೇಳುವ ಬ್ಲಡ್ ಟೆಸ್ಟ್. ರಕ್ತದಲ್ಲಿ ನೋಡುದು ವೈರಸ್ಸಿನ ವಿರುದ್ಧ ನಮ್ಮ ಮೈ ತಯಾರಿಸಿದ ಆಂಟಿಬಾಡಿಯನ್ನು. ಐಜಿಎಂ ಅಂದ್ರೆ ಹೊಸ ಸೋಂಕಿಗೆ ಮೊದಲು ಬರುವಂಥದ್ದು, ಐಜಿಜಿ ಅಂದ್ರೆ ಆಮೇಲೆ ಬಂದು ವರ್ಷಗಟ್ಟಲೆ ಉಳಿಯುವಂಥದ್ದು. ತೊಂದರೆ ಎಂತ ಅಂದ್ರೆ ಬೊಕ್ಕೆ ಎದ್ದ ಮೊದಲ ದಿನ ಐಜಿಎಂ ಇನ್ನೂ ತಯಾರಾಗಿರುದೇ ಇಲ್ಲ, ಟೆಸ್ಟ್ ನೆಗೆಟಿವ್ ಬರಬಹುದು, ಕಾಯಿಲೆ ಇರ್ತದೆ. ಕೆಲವೊಮ್ಮೆ ಬೇರೆ ಕಾರಣಕ್ಕೆ ಪಾಸಿಟಿವ್ ಬರ್ತದೆ, ಸರ್ಪಸುತ್ತಿನಲ್ಲೂ ಬರಬಹುದು. ಕಣ್ಣೆದುರು ಗುಳ್ಳೆ ಇರುವಾಗ ಅದನ್ನು ಬಿಟ್ಟು ಮೊದಲ ದಿನವೇ ಇಂತಹ ಟೆಸ್ಟ್ ಮಾಡಿಸಿದ್ರೆ ಗೊಂದಲ ಹೆಚ್ಚಾಗುದೇ ಹೊರತು ಕಡಿಮೆ ಆಗುದಿಲ್ಲ. ಡಾಕ್ಟ್ರು ಸಾದಾ ಬ್ಲಡ್ ಕೌಂಟ್ ಬರೆದು ಕೊಟ್ರೆ ಅದು ಡೆಂಗಿಯಂಥದ್ದು ಉಂಟಾ, ಗಾಯ ಕೀವಾಗಿದೆಯಾ ಅಂತ ನೋಡ್ಲಿಕ್ಕೆ, ಅದರಿಂದ ಚಿಕನ್ ಪಾಕ್ಸ್ ಗೊತ್ತಾಗುದಿಲ್ಲ.

ಲಸಿಕೆ ಹಾಕಿದವರಲ್ಲಿ ಡಾಕ್ಟ್ರಿಗೂ ಕಷ್ಟ

ಚಿಕನ್ ಪಾಕ್ಸ್ ಲಸಿಕೆಯನ್ನು ಜಪಾನಿನ ಮಿಚಿಯಾಕಿ ತಾಕಾಹಾಶಿ 1974ರಲ್ಲಿ ತಯಾರಿಸಿದ್ದು. ನಮ್ಮಲ್ಲಿ ಸರಕಾರದ ಉಚಿತ ಲಸಿಕೆ ಪಟ್ಟಿಯಲ್ಲಿ ಇದು ಸೇರಿಲ್ಲ, ಮಕ್ಕಳ ಡಾಕ್ಟ್ರ ಸಲಹೆಯಂತೆ ದುಡ್ಡು ಕೊಟ್ಟು ಎರಡು ಡೋಸ್ ಹಾಕಿಸುದು. ಹಾಕಿಸಿದವರಲ್ಲಿ ಕೆಲವರಿಗೆ ಆಮೇಲೆ ಬರಬಹುದು, ಬಂದ್ರೂ ಮೆಲ್ಲ. ಮಾಮೂಲಿ ಚಿಕನ್ ಪಾಕ್ಸಲ್ಲಿ 250ರಿಂದ 500 ಬೊಕ್ಕೆ ಇದ್ರೆ ಇಲ್ಲಿ ಹೆಚ್ಚಾಗಿ 50ಕ್ಕಿಂತ ಕಡಿಮೆ. ಜ್ವರ ಇರುದಿಲ್ಲ ಅಥವಾ ಸ್ವಲ್ಪ. ನೀರು ತುಂಬುದೂ ಕಡಿಮೆ, ಬರೀ ಕೆಂಪು ಉಬ್ಬುಗಳು. ಬೇರೆ ಬೇರೆ ವಯಸ್ಸಿನ ಬೊಕ್ಕೆ ಅಂತ ಆಗ ಹೇಳಿದ ಗುರುತೇ ಇಲ್ಲಿ ಸರಿಯಾಗಿ ಸಿಗುದಿಲ್ಲ. ಸೊಳ್ಳೆ ಕಚ್ಚಿದ್ದು ಅಂತ ಮನೆಯವರು, ಅಲರ್ಜಿ ಅಂತ ಮೆಡಿಕಲ್ ಶಾಪಿನವರು, ಹಾಗೇ ಹೋಗಿಬಿಡ್ತದೆ, ಮಗು ಶಾಲೆಗೂ ಹೋಗ್ತದೆ, ಅದರಿಂದ ಬೇರೆಯವರಿಗೆ ಹರಡ್ಲೂಬಹುದು. ಇಂಥವರಲ್ಲಿ ಖಚಿತ ಬೇಕು ಅಂದ್ರೆ ಪಿಸಿಆರೇ ಗತಿ. ಡಾಕ್ಟ್ರು ಒಂದು ದಿನ ಕಾದು ನಾಳೆ ಪುನಃ ಬನ್ನಿ ಅಂತ ಹೇಳುದೂ ಉಂಟು, ಒಂದು ರಾತ್ರಿಯಲ್ಲಿ ಹೊಸ ಬೊಕ್ಕೆ ಎದ್ರೆ, ಉಬ್ಬಿಗೆ ನೀರು ಬಂದ್ರೆ ಚಿತ್ರ ಸ್ಪಷ್ಟ ಆಗ್ತದೆ.

ಇದಕ್ಕೆ ನೀವು ಮನೆಯಲ್ಲಿ ಮಾಡಬಹುದಾದ ಒಂದು ಸಹಾಯ, ಫೋಟೋ. ದಿನಕ್ಕೆ ಎರಡು ಸಲ, ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಹಾಕದೆ, ಒಂದು ಇಡೀ ಬೆನ್ನಿನದ್ದು, ಒಂದು ಹತ್ತಿರದಿಂದ ಒಂದೇ ಜಾಗದ್ದು. ಆಸ್ಪತ್ರೆಗೆ ಕರ್ಕೊಂಡು ಹೋಗ್ಲಿಕ್ಕೆ ಕಷ್ಟ ಆದವರು ಇ-ಸಂಜೀವನಿಯಲ್ಲಿ (ಫೋನಲ್ಲೇ ಡಾಕ್ಟ್ರನ್ನು ಕಾಣುವ ಸರಕಾರದ ಆನ್‌ಲೈನ್ ಸೇವೆ) ಡಾಕ್ಟ್ರನ್ನು ಕಂಡ್ರೂ ಇದು ಉಪಯೋಗಕ್ಕೆ ಬರ್ತದೆ. ಹೋಗುದಾದ್ರೆ ಮೊದಲೇ ಫೋನ್ ಮಾಡಿ ಹೇಳಿ, ಕ್ಯೂನಲ್ಲಿ ಕೂರಿಸದೆ ಹೊರಗೆ ವರಾಂಡದಲ್ಲೇ ನೋಡುವ ವ್ಯವಸ್ಥೆ ಮಾಡಬಹುದು.

ದೊಡ್ಡವರಿಗೆ, ಬಸುರಿಯರಿಗೆ

ಚಳಿ ದೇಶಗಳಲ್ಲಿ ಇದು ಹೆಚ್ಚಾಗಿ ಸಣ್ಣ ಮಕ್ಕಳ ಕಾಯಿಲೆ. ನಮ್ಮಂಥ ಬಿಸಿ ಊರುಗಳಲ್ಲಿ ಎಷ್ಟೋ ಜನ ಬಾರದೆಯೇ ದೊಡ್ಡವರಾಗ್ತಾರೆ, ಮತ್ತೆ 25-30ರಲ್ಲಿ ಬರ್ತದೆ, ಬಂದ್ರೆ ಜೋರಾಗಿಯೇ ಬರ್ತದೆ. ದೊಡ್ಡವರಲ್ಲಿ, ಅದರಲ್ಲೂ ಬೀಡಿ ಸಿಗರೇಟು ಸೇದುವವರಲ್ಲಿ, ಬಸುರಿಯರಲ್ಲಿ ನ್ಯುಮೋನಿಯಾ ಆಗುವ ಸಾಧ್ಯತೆ ಹೆಚ್ಚು. ಹಾಗಾಗಿ ದೊಡ್ಡವರು ಹೋದ್ರೆ ಡಾಕ್ಟ್ರು ಸ್ಟೆತಸ್ಕೋಪ್ ಇಡ್ತಾರೆ, ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ ಹಾಕ್ತಾರೆ, ಕೆಮ್ಮು ಉಬ್ಬಸ ಉಂಟು ಅಂದ್ರೆ ಎಕ್ಸ್‌ರೇ ತೆಗೀತಾರೆ. ಬೊಕ್ಕೆ ನೋಡಿ ಆದ ಮೇಲೂ ಇಷ್ಟೆಲ್ಲ ಯಾಕೆ ಅಂದ್ರೆ ರೋಗ ಯಾವುದು ಅಂತ ಗೊತ್ತಾದ್ರೂ ಒಳಗೆ ಎಷ್ಟು ಹೋಗಿದೆ ಅಂತ ಗೊತ್ತಾಗ್ಬೇಕಲ್ಲ. ನಡೆಯುವಾಗ ಓಲಾಡುದು, ತೀರಾ ಮಂಪರು, ಜೋರು ತಲೆನೋವಿನ ಒಟ್ಟಿಗೆ ವಾಂತಿ, ಉಸಿರು ಕಟ್ಟುದು, ಬೊಕ್ಕೆಯ ಸುತ್ತ ಕೆಂಪಾಗಿ ಬಿಸಿಯಾಗಿ ಬಾತು ನೋವು, ಒಮ್ಮೆ ಇಳಿದ ಜ್ವರ ಪುನಃ ಏರುದು, ಇದರಲ್ಲಿ ಯಾವುದು ಕಂಡ್ರೂ ಕಾಯದೆ ಹೋಗ್ಬೇಕು. ಮೆದುಳಿಗೆ ತಾಗಿದ ಸಂಶಯ ಬಂದ್ರೆ ಬೆನ್ನುಹುರಿಯ ಸುತ್ತಲಿನ ನೀರು ತೆಗೆದು ಅದನ್ನೇ ಪಿಸಿಆರ್ ಮಾಡ್ತಾರೆ.

ಬಸುರಿಯರ ವಿಷಯದಲ್ಲಿ ಬ್ಲಡ್ ಟೆಸ್ಟಿಗೆ ನಿಜವಾದ ಕೆಲಸ ಇರುದು. ಮನೆಯಲ್ಲಿ ಮಗುವಿಗೆ ಬಂತು, ತಾಯಿ ಬಸುರಿ, ಸಣ್ಣದಿರುವಾಗ ಬಂದಿತ್ತಾ ಅಂತ ಕೇಳಿದ್ರೆ ಅವರಿಗೆ ನೆನಪಿಲ್ಲ, ಅವರ ಅಮ್ಮನಿಗೂ ಸರಿ ನೆನಪಿಲ್ಲ. ಆಗ ಐಜಿಜಿ ನೋಡ್ತಾರೆ. ಇದ್ರೆ ಹಿಂದೆ ಯಾವಾಗಲೋ ಬಂದು ಹೋಗಿದೆ ಅಥವಾ ಲಸಿಕೆಯಿಂದ ರಕ್ಷಣೆ ಉಂಟು, ಹೆದರ್ಬೇಕಾಗಿಲ್ಲ. ಇಲ್ಲದಿದ್ರೆ ಜಾಗ್ರತೆ ಬೇಕು, ಯಾಕಂದ್ರೆ ಮೊದಲ 20 ವಾರದಲ್ಲಿ ತಾಯಿಗೆ ಬಂದ್ರೆ ಅಪರೂಪಕ್ಕೆ ಹೊಟ್ಟೆಯ ಮಗುವಿನ ಚರ್ಮ, ಕಣ್ಣು, ಕೈಕಾಲಿಗೆ ತೊಂದರೆ ಆಗಬಹುದು, ಹೆರಿಗೆಯ 5 ದಿನ ಮೊದಲಿನಿಂದ 2 ದಿನ ನಂತರದ ಒಳಗೆ ತಾಯಿಗೆ ಬೊಕ್ಕೆ ಎದ್ರೆ ಹಸುಗೂಸಿಗೆ ತುಂಬಾ ಅಪಾಯ. ಬಸುರಿ ಇರುವಾಗ ಚಿಕನ್ ಪಾಕ್ಸ್ ಲಸಿಕೆ ಹಾಕ್ಲಿಕ್ಕಿಲ್ಲ. ಅದರ ಬದಲು ತಯಾರಿ ಆಂಟಿಬಾಡಿಯ ಇಂಜೆಕ್ಷನ್ ಉಂಟು, ಸೋಂಕಿನವರ ಹತ್ತಿರ ಇದ್ದ ದಿನದಿಂದ ಬೇಗ, ಆದಷ್ಟು 4 ದಿನದ ಒಳಗೆ, ತಡ ಆದ್ರೂ 10 ದಿನದ ಒಳಗೆ ಕೊಡುದು. ಹಾಗಾಗಿ ಬೊಕ್ಕೆ ಏಳ್ತದಾ ನೋಡುವ ಅಂತ ಎರಡು ವಾರ ಕಾಯುವ ವಿಷಯ ಅಲ್ಲ ಇದು. ಮಗುವಿನ ಬೆನ್ನಲ್ಲಿ ಬೊಕ್ಕೆ ಕಂಡ ದಿನವೇ ಬಸುರಿ ತಾಯಿ ತನ್ನ ಡಾಕ್ಟ್ರಿಗೆ ಫೋನ್ ಮಾಡಿ ಹೇಳ್ಬೇಕು, ಕ್ಯೂನಲ್ಲಿ ಬೇರೆ ಬಸುರಿಯರು ಇರ್ತಾರೆ ಅಂತ ಅವರೇ ಬೇರೆ ಟೈಮ್ ಕೊಡ್ತಾರೆ.